ಕಾಣದ ಕಣ ಹುಡುಕುವ ಹರಳನ್ನು ಕ್ಯಾಲಿಬ್ರೇಟ್ ಮಾಡುವುದು ಹೇಗೆ?

"ಸರ್, ಡಾರ್ಕ್ ಮ್ಯಾಟರ್ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಅದನ್ನು ಹುಡುಕುವ ಹರಳನ್ನು ಏನಿಟ್ಟು ಕ್ಯಾಲಿಬ್ರೇಟ್ ಮಾಡ್ತಾರೆ?" ದಾವಣಗೆರೆ, ಚಿತ್ರದುರ್ಗದ ಬಿಎಸ್ಸಿ ಮಕ್ಕಳು ವರ್ಷವರ್ಷವೂ ಕೇಳುವ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಸುಳಿವು ಕೊಡುವ ದ್ರವ್ಯ. ಕ್ಯಾಲಿಬ್ರೇಟ್ ಅಂದರೆ ಗೊತ್ತಿರುವ ಅಳತೆಗೆ ಹೋಲಿಸಿ ಗುರುತು ಹಾಕುವುದು.

ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳಿಗೆ ಕಣ ಬಡಿದರೆ ಬೆಳಕು ಮಿನುಗುತ್ತದೆ. ಪಕ್ಕದಲ್ಲಿ ವಿಕಿರಣ ಸೂಸುವ ಅಮೆರಿಸಿಯಂ-241 ಇಟ್ಟರೆ 59.5 ಕೆಇವಿಯ (ಕೆಇವಿ ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ) ಗಾಮಾ ಕಿರಣ ಬರುತ್ತದೆ. ಆ ಮಿನುಗಿನ ಅಳತೆಗೆ 59.5 ಎಂದು ಗುರುತು ಹಾಕುತ್ತಾರೆ. ಇನ್ನೂ ಕೆಳಗಿನ ಗುರುತು ಹರಳಿನೊಳಗೇ ಇದೆ. ಕಲ್ಮಶವಾಗಿ ಉಳಿದ ಪೊಟ್ಯಾಸಿಯಂ-40 ಕ್ಷಯಿಸಿದಾಗ ಹೊರಟ 1460 ಕೆಇವಿ ಗಾಮಾ ಪಕ್ಕದ ಹರಳಿನಲ್ಲಿ ಸಿಕ್ಕಿಬಿದ್ದರೆ, ಅದೇ ಕ್ಷಣ ಈ ಹರಳಿನಲ್ಲಿ ಕಂಡ ಸಣ್ಣ ಮಿನುಗು 3.2 ಕೆಇವಿಯದು. ಕಲ್ಮಶವನ್ನೇ ಅಳತೆಗೋಲು ಮಾಡಿಕೊಂಡ ಈ ಉಪಾಯ ನನಗೆ ಬಲು ಇಷ್ಟ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರಲ್ಲ, ಅದೇ ಎಷ್ಟು ತಿದ್ದಿದರೂ ಹೋಗದ ತಪ್ಪು. ಎಪಿಎಂಸಿ ತಕ್ಕಡಿಗೆ ಹತ್ತಿಯೂ ಒಂದೇ, ಮೆಕ್ಕೆಜೋಳವೂ ಒಂದೇ. ಹರಳಿಗೆ ಹಾಗಲ್ಲ. ಗಾಮಾ ತಳ್ಳುವುದು ಎಲೆಕ್ಟ್ರಾನನ್ನು. ಹುಡುಕುತ್ತಿರುವ, ವಿಂಪ್ ಎಂದು ಕರೆಯುವ ಊಹೆಯ ಡಾರ್ಕ್ ಮ್ಯಾಟರ್ ಕಣ ಗುದ್ದಬೇಕಾದದ್ದು ನ್ಯೂಕ್ಲಿಯಸ್ಸಿಗೆ. ಗುದ್ದು ತಿಂದ ನ್ಯೂಕ್ಲಿಯಸ್ ತನ್ನ ಶಕ್ತಿಯ ಬಹುಪಾಲನ್ನು ಅಕ್ಕಪಕ್ಕದ ಪರಮಾಣುಗಳನ್ನು ಅಲುಗಿಸುವುದರಲ್ಲೇ ಕಳೆಯುತ್ತದೆ, ಬೆಳಕಾಗುವುದು ಸ್ವಲ್ಪ. ಇದಕ್ಕೆ ಕ್ವೆಂಚಿಂಗ್ ಅನ್ನುತ್ತಾರೆ. ಇಂಥ ಹರಳಿನಿಂದ ಡಾರ್ಕ್ ಮ್ಯಾಟರ್ ಹುಡುಕುವ ಇಟಲಿಯ ಡಾಮಾ ತಂಡ ಸೋಡಿಯಂಗೆ 0.30, ಅಯೋಡಿನ್‌ಗೆ 0.09 ಎಂದು ಹಿಡಿಯಿತು. ಅಂದರೆ 10 ಕೆಇವಿ ಗುದ್ದು ತಿಂದ ಸೋಡಿಯಂ ಗಾಮಾ ಅಳತೆಯಲ್ಲಿ 3 ಎಂದು ಕಾಣುತ್ತದೆ, ಅಯೋಡಿನ್ 1ಕ್ಕೂ ಕಡಿಮೆ. ಆಮೇಲಿನ ಅಳತೆಗಳಲ್ಲಿ ಸೋಡಿಯಂನ ಅಂಕಿ ಇನ್ನೂ ಇಳಿದಿದೆ. ಇದನ್ನು ಗಾಮಾದಿಂದ ತಿಳಿಯಲು ಸಾಧ್ಯವೇ ಇಲ್ಲ, ನ್ಯೂಟ್ರಾನೇ ಬೇಕು. ಗೊತ್ತಿರುವ ಶಕ್ತಿಯ ನ್ಯೂಟ್ರಾನ್ ಸಣ್ಣ ಹರಳಿಗೆ ಬಡಿದು ಯಾವ ಕೋನಕ್ಕೆ ಚಿಮ್ಮಿತು ಎಂದು ನೋಡಿದರೆ, ನ್ಯೂಕ್ಲಿಯಸ್ಸಿಗೆ ಸಿಕ್ಕ ಶಕ್ತಿ ಲೆಕ್ಕಕ್ಕೆ ಬರುತ್ತದೆ. ಪಿಯುಸಿಯ ಸಂವೇಗ ಸಂರಕ್ಷಣೆ ಗೊತ್ತಿದ್ದರೆ ಲೆಕ್ಕದ ದಾರಿ ಅರ್ಥವಾಗುತ್ತದೆ, ಮಕ್ಕಳೇ! ಡಾರ್ಕ್ ಮ್ಯಾಟರ್‌ನ ಗುರುತೆಂದು ಡಾಮಾ ಹೇಳುವ, ಮಿನುಗುಗಳ ಎಣಿಕೆಯ ವಾರ್ಷಿಕ ಏರಿಳಿತ ಇಂಥದೇ ಹರಳಿಟ್ಟ ಕೊರಿಯಾದ ಕೊಸೈನ್‌ಗೂ ಸ್ಪೇನಿನ ಅನಾಯ್ಸ್‌ಗೂ ಕಾಣಲಿಲ್ಲ. ಆ ಹೋಲಿಕೆಯಲ್ಲೂ ಮೊದಲು ಏಳುವ ತಕರಾರು ಕ್ವೆಂಚಿಂಗ್‌ದೇ.

ಹಾಗಾದರೆ ಚಂದ್ರವಳ್ಳಿಯ ಗುಹೆಯಲ್ಲೇ ಒಂದು ಹರಳು ಇಡಬಾರದೇ? ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಬಂಡೆಯಲ್ಲಿರುವ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳ ಗಾಮಾಕ್ಕೆ ಸೀಸ, ತಾಮ್ರ ಅಡ್ಡ ಇಡಬಹುದು. ಆಕಾಶದಿಂದ ಇಳಿದು ಹರಳಿನಲ್ಲಿ ಸುಳ್ಳು ಮಿನುಗು ತರುವ ಮ್ಯುಯಾನ್ ಕಣಗಳಿಗೆ ಮಾತ್ರ ಆ ಗುಹೆಯ ಮಾಡು ಏನೇನೂ ಸಾಲದು. ಡಾಮಾ ಇರುವ ಗ್ರಾನ್ ಸಾಸ್ಸೋದ ನೆತ್ತಿಯ ಮೇಲೆ 1400 ಮೀಟರ್ ಬಂಡೆ ಇದೆ. ನಮ್ಮ ರಾಜ್ಯದಲ್ಲಿ ಅಂಥ ಆಳ ಇದ್ದದ್ದು ಕೋಲಾರದ ಚಿನ್ನದ ಗಣಿಯಲ್ಲಿ. 1965ರಲ್ಲಿ ಅಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ವಾತಾವರಣದಲ್ಲಿ ಹುಟ್ಟುವ, ಬಂಡೆಯನ್ನೂ ಸುಲಭವಾಗಿ ಹಾದುಹೋಗುವ ನ್ಯೂಟ್ರಿನೋ ಕಣಗಳನ್ನು ಗುರುತಿಸಿದರು. 2001ರಲ್ಲಿ ಗಣಿ ಮುಚ್ಚಿತು. ಈಗ ಡಾರ್ಕ್ ಮ್ಯಾಟರ್ ಹುಡುಕುವ ಆಸೆಯಿದ್ದವರು ಜಾರ್ಖಂಡಿನ ಜಾದೂಗುಡ ಗಣಿಯ ಪ್ರಯೋಗಾಲಯದ ಕಡೆ ನೋಡಬೇಕು.