ಕಂಬ ಅದೇ, ಬರಹ ಬೇರೆ: ಮಿಲಾನ್ ನಗರದ ಕಟ್ಟಡಗಳು ಯಾರವು?

ಮಿಲಾನಿನವರು ಹೇಳುವ ಒಂದು ಹಳೇ ತಮಾಷೆ ಇದೆ. ಆಲ್ಪ್ಸ್‌ನ ಸಿಂಪ್ಲನ್ ಘಾಟಿ ಕಡೆಗೆ ಹೋಗುವ ರಸ್ತೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಬಿಳಿ ಅಮೃತಶಿಲೆಯ ದೊಡ್ಡ ಕಮಾನೊಂದು ನಿಂತಿದೆ. ಹೆಸರು ಆರ್ಕೊ ದೆಲ್ಲಾ ಪಾಚೆ, ಅಂದರೆ ಶಾಂತಿಯ ಕಮಾನು. ಅದರ ನೆತ್ತಿಯ ಮೇಲೆ ಆರು ಕಂಚಿನ ಕುದುರೆಗಳ ರಥ. ಮೊದಲು ಈ ಕುದುರೆಗಳ ಮುಖ ಪ್ಯಾರಿಸ್ ಕಡೆ ಇತ್ತಂತೆ. ನೆಪೋಲಿಯನ್ ಸೋತು ಆಸ್ಟ್ರಿಯದವರು ವಾಪಸ್ ಬಂದಾಗ ಅವನ್ನು ತಿರುಗಿಸಿ, ಬಾಲ ಪ್ಯಾರಿಸ್ ಕಡೆ ಇರುವ ಹಾಗೆ ನಿಲ್ಲಿಸಿದರಂತೆ.

ಕೇಳಲು ಚೆನ್ನಾಗಿದೆ. ಆದರೆ ಕುದುರೆಗಳು ಮೇಲೆ ಹತ್ತಿದ್ದೇ ನೆಪೋಲಿಯನ್ ಹೋಗಿ ಎಷ್ಟೋ ವರ್ಷ ಆದಮೇಲೆ. ನಿಂತ ಕುದುರೆಯನ್ನು ಯಾರೂ ತಿರುಗಿಸಲಿಲ್ಲ. ಆದರೂ ಈ ಕಥೆ ಸುಮ್ನೆ ಹುಟ್ಟಿದ್ದಲ್ಲ. ಮಿಲಾನ್ ಇರುವ ಲೊಂಬಾರ್ಡಿ ಸೀಮೆಯಲ್ಲಿ ಆ ಕಾಲದ ಯಾವ ದೊಡ್ಡ ಕಟ್ಟಡ ತೆಗೆದುಕೊಂಡರೂ ಒಬ್ಬ ಕಟ್ಟಿಸಿದ, ಇನ್ನೊಬ್ಬ ಮುಗಿಸಿದ, ಮೂರನೆಯವನು ಹೆಸರು ಬರೆಸಿದ ಅನ್ನೋ ಹಾಗೇ ಇದೆ.

ಮೊದಲು ಈ ಕಟ್ಟಡಗಳ ಶೈಲಿಯಾದ ನಿಯೋಕ್ಲಾಸಿಕಲ್‌ನ ವಿಷಯ. ಅದಕ್ಕೂ ಹಿಂದೆ ಇಟಲಿಯಲ್ಲಿ ಬರೋಕ್ ಅನ್ನುವ ಶೈಲಿ ನಡೆಯುತ್ತಿತ್ತು. ಮದುವೆ ಮಂಟಪದ ಹಾಗೆ ಎಲ್ಲೆಲ್ಲೂ ಬಳುಕು, ಬಳ್ಳಿ, ಬಂಗಾರ. 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೇಯಿ ಅಗೆಯಲು ಶುರು ಮಾಡಿದಾಗ ಹಳೇ ರೋಮನ್ನರ ಮನೆ, ಗೋಡೆ, ಕಂಬಗಳು ಜ್ವಾಲಾಮುಖಿಯ ಬೂದಿಯ ಅಡಿಯಿಂದ ಹೊರಗೆ ಬಂದವು. ಯುರೋಪಿನ ಕಣ್ಣು ಆ ಕಡೆ ತಿರುಗಿತು. ನೇರ ಗೆರೆ, ಸಾಲುಗಂಬ, ಮೇಲೆ ತ್ರಿಕೋನದ ನೆತ್ತಿ, ಅಳತೆ ಮೀರದ ಅಲಂಕಾರ. ಇದನ್ನೇ ನಿಯೋಕ್ಲಾಸಿಕಲ್ ಅನ್ನುತ್ತಾರೆ.

ಆದರೆ ರೋಮ್ ಅಥವಾ ನೇಪಲ್ಸ್‌ಗಿಂತ ದೂರದ ಮಿಲಾನಿನಲ್ಲಿ ಇದು ಅಷ್ಟು ಗಟ್ಟಿಯಾಗಿ ಬೇರು ಬಿಟ್ಟಿದ್ದು ಯಾಕೆ? ಅದಕ್ಕೆ ಕಾರಣ ಕಂದಾಯ ಅಂದರೆ ನಗಬೇಡಿ. ಸ್ಪೇನ್ ಕೈಯಲ್ಲಿದ್ದ ಮಿಲಾನ್ 18ನೇ ಶತಮಾನದ ಶುರುವಿನಲ್ಲಿ ಆಸ್ಟ್ರಿಯದ ಕೈಗೆ ಬಂತು. ರಾಣಿ ಮಾರಿಯಾ ಥೆರೇಸಾಳ ಕಾಲದಲ್ಲಿ ಇಡೀ ಸೀಮೆಯ ಜಮೀನಿನ ಸರ್ವೆ ಮುಗಿದು 1760ರಿಂದ ಹೊಸ ಲೆಕ್ಕದ ಕಂದಾಯ ಜಾರಿಗೆ ಬಂತು. ಶ್ರೀಮಂತರ ಜಮೀನೂ ಲೆಕ್ಕಕ್ಕೆ ಬಂತು, ಚರ್ಚಿನದೂ ಬಂತು. ಸರ್ಕಾರ ಅನ್ನೋದು ಒಂದು ಕಾಣುವ ವಸ್ತು ಆಯಿತು. ಲೆಕ್ಕ ಇಟ್ಟುಕೊಳ್ಳುವ ಸರ್ಕಾರಕ್ಕೆ ಲೆಕ್ಕದ ಹಾಗೇ ಕಾಣುವ ಕಟ್ಟಡ ಇಷ್ಟವಾಯಿತು ಅಂತ ನನ್ನ ಅನಿಸಿಕೆ.

1769ರಲ್ಲಿ ಮಿಲಾನಿನ ಅರಮನೆ ರಿಪೇರಿಗೆ ಅಂತ ದಕ್ಷಿಣದಿಂದ ವಾಸ್ತುಶಿಲ್ಪಿ ಲುಯಿಜಿ ವಾನ್‌ವಿತೆಲ್ಲಿ ಬಂದ. ಕಾಸೆರ್ತಾದ ದೊಡ್ಡ ಅರಮನೆ ಕಟ್ಟಿಸುತ್ತಿದ್ದವನು ಅವನೇ. ಮಿಲಾನಿನಲ್ಲಿ ಕೊಟ್ಟ ದುಡ್ಡು, ಕೊಟ್ಟ ಜಾಗ ಎರಡೂ ಚಿಕ್ಕವು. ಕೆಲಸವನ್ನು ಶಿಷ್ಯ ಜುಸೆಪ್ಪೆ ಪಿಯೆರ್ಮಾರಿನಿಗೆ ಬಿಟ್ಟು ಹೊರಟುಹೋದ. ಶಿಷ್ಯನಿಗೆ ಆಗ ಮೂವತ್ತೈದು. ಮುಂದಿನ ಇಪ್ಪತ್ತೈದು ವರ್ಷ ಮಿಲಾನಿನ ಮುಖ ತಿದ್ದಿದವನು ಇವನೇ.

ಪಿಯೆರ್ಮಾರಿನಿಯ ಕೈಚಳಕ ಇರುವುದು ಕಡಿಮೆಯಲ್ಲಿ ಮುಗಿಸುವುದರಲ್ಲಿ. ಲೊಂಬಾರ್ಡಿಯ ಬಯಲಲ್ಲಿ ಮಣ್ಣು ಧಾರಾಳ, ಕಲ್ಲು ದೂರ. ಹಾಗಾಗಿ ಒಳಗೆ ಇಟ್ಟಿಗೆ, ಮೇಲೆ ಗಾರೆ. ದುಂಡು ಕಂಬದ ಬದಲು ಗೋಡೆಯಿಂದ ಸ್ವಲ್ಪವೇ ಮುಂದೆ ಬಂದ ಚಪ್ಪಟೆ ಕಂಬ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅದರ ನೆರಳು ಕಾಣುತ್ತದೆ. ಮೇಲೆ ಹಳದಿ ಬಣ್ಣ. ಮಿಲಾನ್ ಹತ್ತಿರದ ಮೊಂತ್ಸಾ ಊರಿನ ರಾಜಭವನವನ್ನು 1777ರಿಂದ 1780ರ ಒಳಗೆ, ಮೂರೇ ವರ್ಷದಲ್ಲಿ ಎಬ್ಬಿಸಿ ನಿಲ್ಲಿಸಿದ. ರಾಣಿಯ ಮಗ ಫರ್ಡಿನೆಂಡ್ ಆಗ ಲೊಂಬಾರ್ಡಿಯ ರಾಜ್ಯಪಾಲ. ಅವನ ಬೇಸಿಗೆ ಮನೆ ಅದು.

ಲಾ ಸ್ಕಾಲಾ ಗೊತ್ತಲ್ಲ, ಜಗತ್ತಿನ ಅತಿ ಹೆಸರಾದ ಒಪೆರಾ ಮನೆ? ಅದೂ ಇವನದೇ. 1776ರ ಫೆಬ್ರವರಿಯಲ್ಲಿ, ಕಾರ್ನಿವಲ್ ಸಂಭ್ರಮ ಮುಗಿದ ರಾತ್ರಿ, ಅರಮನೆಯ ಹಳೇ ಥಿಯೇಟರ್ ಸುಟ್ಟುಹೋಯಿತು. ಅದರಲ್ಲಿ ಬಾಕ್ಸ್, ಅಂದರೆ ತಮ್ಮದೇ ಆಸನಗಳ ಕೋಣೆ, ಕೊಂಡಿದ್ದ ಶ್ರೀಮಂತ ಮನೆತನಗಳು ಹೊಸದು ಬೇಕು ಅಂದವು, ಖರ್ಚು ತಾವೇ ಹಾಕಿದವು. ಜಾಗ? ಸಾಂತಾ ಮರಿಯಾ ಅಲ್ಲಾ ಸ್ಕಾಲಾ ಅನ್ನುವ 14ನೇ ಶತಮಾನದ ಚರ್ಚನ್ನು ಕೆಡವಿದರು. ಚರ್ಚ್ ಹೋಯಿತು, ಹೆಸರು ಉಳಿಯಿತು. 1778ರ ಆಗಸ್ಟ್ 3ರಂದು ಸಂಗೀತಗಾರ ಸಾಲಿಯೇರಿಯ ಒಪೆರಾದೊಂದಿಗೆ ಪರದೆ ಎದ್ದಿತು.

ಮೊದಲ ಸಲ ನೋಡಿದವರಿಗೆ ಲಾ ಸ್ಕಾಲಾದ ಮುಂಭಾಗ ಸಪ್ಪೆ ಅನಿಸುತ್ತದೆ. ಇಷ್ಟೇನಾ ಅಂತ. ಅದಕ್ಕೆ ಕಾರಣ ಪಿಯೆರ್ಮಾರಿನಿ ಅಲ್ಲ. ಅವನು ಕಟ್ಟಿದಾಗ ಎದುರಿಗೆ ಚೌಕವೇ ಇರಲಿಲ್ಲ. ಕಿರಿದಾದ ರಸ್ತೆ, ಆಚೆ ಬದಿಗೆ ಮನೆಗಳು. ಕಟ್ಟಡವನ್ನು ಎದುರಿಗೆ ನಿಂತು ನೋಡುವುದೇ ಸಾಧ್ಯವಿರಲಿಲ್ಲ, ಬೀದಿಯಲ್ಲಿ ಬರುತ್ತಾ ಓರೆಯಾಗಿ ಕಾಣುತ್ತಿತ್ತು ಅಷ್ಟೇ. ಹಾಗಾಗಿ ಗೋಡೆಯ ಚಿತ್ತಾರಕ್ಕಿಂತ ಬೀದಿಗೆ ಚಾಚಿದ ಪೋರ್ಟಿಕೊಗೆ ಜಾಸ್ತಿ ಗಮನ ಕೊಟ್ಟ. ನಮ್ಮ ಮನೆ ಮುಂದೆ ಕಾರು ನಿಲ್ಲಿಸುವ ಪೋರ್ಟಿಕೊ ಇರುತ್ತಲ್ವಾ, ಕೆಲಸ ಅದೇ. ಗಾಡಿ ಒಳಗೆ ಬರಬೇಕು, ಮಳೆಯಲ್ಲಿ ಹೆಂಗಸರ ಲಂಗ ನೆನೆಯಬಾರದು. 1850ರ ದಶಕದ ಕೊನೆಗೆ ಎದುರಿನ ಮನೆ ಕೆಡವಿ ಚೌಕ ಮಾಡಿದರು. ಓರೆಯಿಂದ ನೋಡಲು ಮಾಡಿದ ಮುಖವನ್ನು ಅವತ್ತಿನಿಂದ ಎಲ್ಲರೂ ನೇರವಾಗಿ ನೋಡಿ, ಇಷ್ಟೇನಾ ಅನ್ನುತ್ತಿದ್ದಾರೆ. ಪಾಪ.

ಜಾಗದ ವಿಷಯ ಬರೀ ಲಾ ಸ್ಕಾಲಾದ್ದಲ್ಲ. ಬ್ರೆರಾದ ಕಲಾಶಾಲೆ 1776ರಲ್ಲಿ ಶುರುವಾಗಿದ್ದು ಜೆಸ್ಯುಯಿಟ್ ಪಾದ್ರಿಗಳ ಕಟ್ಟಡದಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಪೋಪ್ ಆ ಪಂಗಡವನ್ನೇ ಮುಚ್ಚಿಸಿದ್ದ. ಪಿಯೆರ್ಮಾರಿನಿ ಮಾಡಿದ ಸಾರ್ವಜನಿಕ ಉದ್ಯಾನ ಇರುವುದೂ ಮುಚ್ಚಿಸಿದ ಮಠಗಳ ಜಾಗದಲ್ಲಿ. ಈ ಶಾಂತ, ಬಿಳಿ-ಹಳದಿ ಕಟ್ಟಡಗಳ ಪಾಯ ತೋಡಿದರೆ ಅಡಿಯಲ್ಲಿ ಚರ್ಚು, ಮಠಗಳ ಕಲ್ಲೇ ಸಿಗುತ್ತದೆ.

1796ರ ಮೇ ತಿಂಗಳಲ್ಲಿ ನೆಪೋಲಿಯನ್ ಸೇನೆ ಊರೊಳಗೆ ಬಂತು. ಪಿಯೆರ್ಮಾರಿನಿ ಕೆಲಸ ಬಿಟ್ಟು ಹುಟ್ಟೂರು ಫೊಲಿನ್ಯೊಗೆ ಮರಳಿದ, 1808ರಲ್ಲಿ ಅಲ್ಲೇ ತೀರಿಕೊಂಡ. ರಾಜರು ಬೇಡ ಅಂದವರು ರಾಜರ ಕಾಲದ ಶೈಲಿಯನ್ನು ಬೇಡ ಅನ್ನಲಿಲ್ಲ. ಬಿಡಿ, ಕಂಬಕ್ಕೆ ಯಾವ ಪಕ್ಷ? ಆಸ್ಟ್ರಿಯದವರು ಅದರಲ್ಲಿ ಶಿಸ್ತು ಕಂಡಿದ್ದರೆ ಫ್ರೆಂಚರು ರೋಮನ್ ಗಣರಾಜ್ಯ ಕಂಡರು. ಆಮೇಲೆ ನೆಪೋಲಿಯನ್ನೇ ದೊರೆ ಆದ ಮೇಲೆ ರೋಮನ್ ಸಾಮ್ರಾಜ್ಯ ಕಂಡರು. 1805ರ ಮೇ 26ರಂದು ಅವನು ಮಿಲಾನಿನ ದೊಡ್ಡ ಚರ್ಚಿನಲ್ಲಿ ಲೊಂಬಾರ್ಡಿಯ ಕಬ್ಬಿಣದ ಕಿರೀಟ ತಲೆಗೆ ಇಟ್ಟುಕೊಂಡ.

ಈ ಕಾಲದ ಅತಿ ದೊಡ್ಡ ಯೋಜನೆ ಕಾಗದದಲ್ಲೇ ಉಳಿಯಿತು. ಜೊವಾನ್ನಿ ಅಂತೋಲಿನಿ ಅನ್ನುವವನು 1801ರಲ್ಲಿ ಹಳೇ ಕೋಟೆಯ ಸುತ್ತ ಫೋರೊ ಬೊನಾಪಾರ್ತೆ ಅಂತ ಒಂದು ದುಂಡನೆಯ ಬಯಲಿನ ನಕ್ಷೆ ಬರೆದ. ಅರ್ಧ ಕಿಲೋಮೀಟರಿಗೂ ಜಾಸ್ತಿ ಅಗಲ. ಸುತ್ತ ಸಾಲುಗಂಬದ ಥಿಯೇಟರ್, ಸ್ನಾನಗೃಹ, ವಸ್ತುಸಂಗ್ರಹಾಲಯ. ಖರ್ಚು ನೋಡಿ ಫ್ರೆಂಚರೇ ಕೈಬಿಟ್ಟರು. ಇವತ್ತು ಕೋಟೆಯ ಮುಂದೆ ಬಾಗಿ ಹೋಗುವ ರಸ್ತೆಗೆ ಆ ಹೆಸರು ಉಳಿದಿದೆ.

ಕೆಲಸಕ್ಕೆ ಬಂದಿದ್ದು ಲುಯಿಜಿ ಕಾನೋನಿಕಾನ ಅರೇನಾ. ಕೋಟೆಯ ಹೊರಗೋಡೆ ಕೆಡವಿದಾಗ ಸಿಕ್ಕ ಕಲ್ಲನ್ನೇ ಹಾಕಿ ಕಟ್ಟಿದ ಮೊಟ್ಟೆಯಾಕಾರದ ಆಟದ ಬಯಲು, 1807ರಲ್ಲಿ ತೆರೆಯಿತು. ಒಳಗೆ ಕಾಲುವೆ ನೀರು ಬಿಟ್ಟು ಹಡಗು ಯುದ್ಧದ ಆಟ ಆಡಿಸಿದರು, ರೋಮನ್ನರು ಮಾಡುತ್ತಿದ್ದ ಹಾಗೆ. ನೂರು ವರ್ಷ ಕಳೆದು, 1910ರ ಮೇ 15ರಂದು ಇಟಲಿಯ ಫುಟ್ಬಾಲ್ ತಂಡ ತನ್ನ ಮೊಟ್ಟಮೊದಲ ಪಂದ್ಯ ಆಡಿದ್ದು ಇಲ್ಲೇ. ಎದುರಾಳಿ ಯಾರು ಅಂದುಕೊಂಡಿರಿ? ಫ್ರಾನ್ಸ್. ಇಟಲಿ 6-2ರಿಂದ ಗೆದ್ದಿತು.

ಇನ್ನು ಆ ಕಮಾನಿಗೆ ವಾಪಸ್ ಬರೋಣ. 1806ರಲ್ಲಿ ನೆಪೋಲಿಯನ್‌ನ ಮಲಮಗ ಯೂಜೀನ್ ಹೊಸ ಹೆಂಡತಿಯೊಂದಿಗೆ ಊರಿಗೆ ಬಂದಾಗ ಲುಯಿಜಿ ಕಾನ್ಯೋಲಾ ಮರ ಮತ್ತು ಗಾರೆಯಲ್ಲಿ ಒಂದು ಸ್ವಾಗತ ಕಮಾನು ನಿಲ್ಲಿಸಿದ. ಎಲ್ಲರಿಗೂ ಹಿಡಿಸಿತು, ಕಲ್ಲಿನಲ್ಲೇ ಮಾಡು ಅಂದರು. 1807ರಲ್ಲಿ ಕೆಲಸ ಶುರು. ಕ್ರೆವೊಲಾ ಗಣಿಯ ಅಮೃತಶಿಲೆ ತರಿಸಿದರು. ಉಬ್ಬುಚಿತ್ರಗಳಲ್ಲಿ ನೆಪೋಲಿಯನ್ ಗೆದ್ದ ಯುದ್ಧಗಳು ಬರಬೇಕಿತ್ತು. 1814ರಲ್ಲಿ ಅವನು ಬಿದ್ದ, ಕಮಾನೂ ಅರ್ಧಕ್ಕೆ ನಿಂತಿತು.

ಆಸ್ಟ್ರಿಯದ ಸಾಮ್ರಾಟ ಫ್ರಾನ್ಸಿಸ್ ಅದನ್ನು ಕೆಡವಲಿಲ್ಲ. 1826ರಲ್ಲಿ ಮತ್ತೆ ಕೆಲಸ ಶುರು ಮಾಡಿಸಿದ, ಹೆಸರು ಮಾತ್ರ ಬದಲಾಯಿಸಿದ. 1815ರಲ್ಲಿ ಯುರೋಪಿನ ದೊರೆಗಳು ಮಾಡಿಕೊಂಡ ಶಾಂತಿಯ ನೆನಪಿಗೆ ಅಂತ ಶಾಂತಿಯ ಕಮಾನು ಆಯಿತು. ಉಬ್ಬುಚಿತ್ರಗಳಲ್ಲಿ ನೆಪೋಲಿಯನ್ ಸೋತ ಲೀಪ್‌ಜಿಗ್ ಯುದ್ಧ ಬಂತು, ವಿಯೆನ್ನಾ ಸಮ್ಮೇಳನ ಬಂತು. ಕಾನ್ಯೋಲಾ 1833ರಲ್ಲಿ ಸತ್ತ, ಫ್ರಾನ್ಸಿಸ್ 1835ರಲ್ಲಿ. ತೆರೆದಿದ್ದು 1838ರಲ್ಲಿ, ಮಗ ಫರ್ಡಿನೆಂಡ್ ಪಟ್ಟಾಭಿಷೇಕಕ್ಕೆ ಮಿಲಾನಿಗೆ ಬಂದಾಗ. ಮಿಲಾನಿನವರು ಆಸ್ಟ್ರಿಯದ ವಿರುದ್ಧ ಐದು ದಿನ ನಡೆಸಿದ 1848ರ ಬಂಡಾಯ ಇನ್ನೂ ಹತ್ತು ವರ್ಷ ದೂರ ಇತ್ತು.

1859ರ ಜೂನ್‌ನಲ್ಲಿ ಮಜೆಂತಾ ಯುದ್ಧ ಗೆದ್ದು ಈ ಕಮಾನಿನಡಿ ಊರೊಳಗೆ ಬಂದವರು ಇಬ್ಬರು: ಸಾರ್ಡೀನಿಯಾದ ದೊರೆ ವಿಕ್ಟರ್ ಇಮ್ಯಾನ್ಯುಯೆಲ್ ಮತ್ತು ನೆಪೋಲಿಯನ್‌ನ ತಮ್ಮನ ಮಗ ಮೂರನೇ ನೆಪೋಲಿಯನ್. ನೆತ್ತಿಯ ಬರಹವನ್ನು ಮತ್ತೆ ತಿದ್ದಿದರು. ಆ ಹೊತ್ತಿಗೆ ಜನರ ರುಚಿಯೂ ಬದಲಾಗಿತ್ತು, ಸಾಲುಗಂಬ ಹಳೇ ಫ್ಯಾಷನ್ ಆಗಿತ್ತು.

ಪಿಯೆರ್ಮಾರಿನಿ ತನ್ನ ಮೊದಲ ಕೆಲಸ ಮಾಡಿದ ಅರಮನೆಯಲ್ಲಿ ನೃತ್ಯಕ್ಕೆ ಅಂತ ಒಂದು ದೊಡ್ಡ ಹಾಲ್ ಇದೆ. ಸುತ್ತ ಮೇಲಂತಸ್ತನ್ನು ಹೊತ್ತು ನಿಂತ ಹಾಗೆ ಗೆತಾನೊ ಕಲ್ಲಾನಿ ಮಾಡಿದ ಮನುಷ್ಯರೂಪದ ಪ್ರತಿಮೆಗಳು. 1838ರ ಫರ್ಡಿನೆಂಡ್‌ನ ಹೊಗಳಿಕೆಗೆ ಛಾವಣಿಯಲ್ಲಿ ಚಿತ್ರ ಬರೆಸಿದ್ದರು. 1943ರ ಆಗಸ್ಟ್‌ನ ಬಾಂಬ್ ದಾಳಿಯಲ್ಲಿ ಅಟ್ಟದ ಮರಕ್ಕೆ ಬೆಂಕಿ ಹತ್ತಿ ಛಾವಣಿ, ಚಿತ್ರ ಎರಡೂ ಕೆಳಗೆ ಬಂದವು. ಅದೇ ತಿಂಗಳು ಬಾಂಬ್ ಬಿದ್ದ ಲಾ ಸ್ಕಾಲಾವನ್ನು ಮೊದಲಿದ್ದ ಹಾಗೇ ಕಟ್ಟಿ 1946ರ ಮೇ 11ರಂದು ವಾದ್ಯವೃಂದದ ನಿರ್ದೇಶಕ ತೋಸ್ಕನೀನಿ ಕೈಯಲ್ಲಿ ತೆರೆಸಿದರು. ಈ ಹಾಲನ್ನು ಮಾತ್ರ ಹಾಗೇ ಬಿಟ್ಟರು. 1953ರಲ್ಲಿ ಪಿಕಾಸೊನ ಗೆರ್ನಿಕಾ ಚಿತ್ರವನ್ನು ತಂದು ತೂಗುಹಾಕಿದ್ದು ಇದೇ ಹಾಲಿನಲ್ಲಿ, ಈ ಪ್ರತಿಮೆಗಳ ನಡುವೆ. ಬಾಂಬ್ ಬಿದ್ದ ಒಂದು ಊರಿನ ಚಿತ್ರ ಅದು. ಈಗಲೂ ಅಲ್ಲಿ ಪ್ರದರ್ಶನ ನಡೆಯುತ್ತದೆ. ಮುಖ ಕಿತ್ತುಹೋದ ಪ್ರತಿಮೆಗಳು ಗೋಡೆಯ ಸುತ್ತ ಹಾಗೇ ನಿಂತಿವೆ.