ತೂಕದ ಯಂತ್ರಕ್ಕೆ ಕಾಣದ ಬದಲಾವಣೆ

ಕೆಲವು ಮಕ್ಕಳಿಗೆ ಹದಿಮೂರು, ಹದಿನಾಲ್ಕರ ವಯಸ್ಸಿಗೆ ಕತ್ತಿನ ಹಿಂಭಾಗ ಕಪ್ಪಾಗಿ, ದಪ್ಪಗಾಗುತ್ತದೆ. ಕೊಳೆ ಕೂತಿದೆ ಎಂದುಕೊಂಡು ಮನೆಯವರು ಸೋಪು, ನಿಂಬೆಹಣ್ಣು ಹಾಕಿ ಉಜ್ಜುತ್ತಾರೆ. ಮಗುವಿಗೆ ಬೈಗುಳ ಬೇರೆ. ಬೊಜ್ಜಿರುವ ಮಕ್ಕಳಲ್ಲಿ ಇದು ಬಹಳ ಸಲ ಕೊಳೆಯೇ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿ ಚರ್ಮದ ಜೀವಕೋಶಗಳು ಬೇಗ ಬೇಗ ಬೆಳೆದಿರುವುದರ ಗುರುತು ಅದು. ಈ ತೊಂದರೆಯನ್ನು ವ್ಯಾಯಾಮ, ಅದರಲ್ಲೂ ನಡುನಡುವೆ ಬಿಡುವು ಕೊಟ್ಟು ಮಾಡುವ ಜೋರು ವ್ಯಾಯಾಮ, ತೂಕ ಇಳಿಯದಿದ್ದರೂ ತಗ್ಗಿಸಬಲ್ಲದು.

ಇನ್ಸುಲಿನ್ ಯಾಕೆ ಜಾಸ್ತಿಯಾಗುತ್ತದೆ? ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲು ಸ್ನಾಯುಗಳಿಗೆ ಹೋಗಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳಲು ಹೇಳುವುದು ಇನ್ಸುಲಿನ್. ಸ್ನಾಯು, ಲಿವರ್‌ಗಳ ಒಳಗೇ ಕೊಬ್ಬು ಸೇರಿಕೊಂಡರೆ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೀಗೆ ವರ್ಷಗಟ್ಟಲೆ ನಡೆಯಬಹುದು, ಶುಗರ್ ಟೆಸ್ಟ್ ಮಾತ್ರ ನಾರ್ಮಲ್ ಬರುತ್ತಲೇ ಇರುತ್ತದೆ. ಇನ್ನು ಹದಿಹರೆಯದಲ್ಲಿ ಬೆಳವಣಿಗೆಯ ಹಾರ್ಮೋನು ಏರುವುದರಿಂದ ಸಣ್ಣಗಿರುವ ಮಕ್ಕಳಲ್ಲೂ ಇನ್ಸುಲಿನ್ನಿನ ಪ್ರಭಾವ ಕೆಲವು ವರ್ಷ ಕುಗ್ಗುತ್ತದೆ. ಬೊಜ್ಜಿರುವ ಮಗುವಿಗೆ ಇದು ಇನ್ನೊಂದು ಹೊರೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಹೊತ್ತಿಗೆ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಳ ಕಾಲ ಗಮನಿಸುತ್ತಾ ಬಂದರು. ಬಸುರಿನಲ್ಲಿ ಶುಗರ್ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಕೊಬ್ಬೂ ಜಾಸ್ತಿ, ಇನ್ಸುಲಿನ್ ಪ್ರತಿರೋಧವೂ ಜಾಸ್ತಿ ಇತ್ತು. ಹೊಟ್ಟೆಯಲ್ಲಿದ್ದಾಗಲೇ ಶುರುವಾಗಿರಬಹುದಾದ ತೊಂದರೆಗೆ ಮಗುವನ್ನು ಸೋಮಾರಿ ಎಂದು ಹಂಗಿಸುವುದು ಅನ್ಯಾಯ, ಅಲ್ವಾ?

ಇನ್ಸುಲಿನ್ ಎಷ್ಟು ತಟ್ಟಿದರೂ ಮುಂಬಾಗಿಲು ತೆರೆಯದ ಸ್ನಾಯುವಿಗೆ ಒಂದು ಹಿತ್ತಿಲ ಬಾಗಿಲೂ ಇದೆ. ಸ್ನಾಯು ದುಡಿಯುವಾಗ ಸಕ್ಕರೆಯನ್ನು ಒಳಗೆ ಸಾಗಿಸುವ ಗ್ಲುಟ್-4 ಎಂಬ ಪ್ರೋಟೀನು ಇನ್ಸುಲಿನ್ನಿಗೆ ಕಾಯದೆ ತಾನಾಗಿ ಮೇಲ್ಪದರಕ್ಕೆ ಬರುತ್ತದೆ. ಜೋರಾಗಿ ದುಡಿದಷ್ಟೂ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಬೇಗ ಖಾಲಿಯಾಗುತ್ತದೆ. ಅದನ್ನು ತುಂಬಿಕೊಳ್ಳಲು ವ್ಯಾಯಾಮ ಮುಗಿದ ಮೇಲೂ ಸ್ನಾಯು ಸಕ್ಕರೆ ಎಳೆಯುತ್ತಲೇ ಇರುತ್ತದೆ. ಈ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ತೂಕ ಒಂದು ಕಿಲೋ ಇಳಿಯದಿದ್ದರೂ ಇಷ್ಟು ಕೆಲಸ ನಡೆದಿರುತ್ತದೆ.

ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೂಕ ಹೆಚ್ಚಿದ್ದ, ಸುಮಾರು 14 ವರ್ಷದ 54 ಮಕ್ಕಳಿದ್ದರು. ಒಂದು ಗುಂಪು ಮೂರು ತಿಂಗಳ ಕಾಲ ವಾರಕ್ಕೆರಡು ಸಲ, ನಡುನಡುವೆ ಬಿಡುವು ಕೊಟ್ಟು ಜೋರು ವ್ಯಾಯಾಮ ಮಾಡಿತು. ಅಂದರೆ ನಾಲ್ಕು ನಿಮಿಷ ಏದುಸಿರು ಬರುವಷ್ಟು ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಇನ್ನೊಂದು ಗುಂಪಿಗೆ ವೈದ್ಯರು, ಆಹಾರ ತಜ್ಞರು, ಮನಃಶಾಸ್ತ್ರಜ್ಞರ ಸಲಹೆ ಸಿಕ್ಕಿತು. ದಣಿಯದೆ ದುಡಿಯುವ ಕಸುವು ಹೆಚ್ಚಿದ್ದೂ, ಸಕ್ಕರೆ ಮತ್ತು ಇನ್ಸುಲಿನ್ ಹಿಡಿತಕ್ಕೆ ಬಂದದ್ದೂ ಮೊದಲ ಗುಂಪಿನಲ್ಲೇ ಜಾಸ್ತಿ. ಹಾಗಂತ ಇದೇ ಒಂದೇ ದಾರಿ ಅನ್ನಲಾರೆ. ಒಂದೇ ಸಮನೆ ಬಿರುಸಾಗಿ ನಡೆಯುವುದರ ಜೊತೆ ಹೋಲಿಸಿದಾಗ ವ್ಯತ್ಯಾಸ ಸಣ್ಣದೇ ಎಂದು ಹೇಳುವ ಅಧ್ಯಯನಗಳೂ ಇವೆ.

ಆದರೆ ಮಕ್ಕಳಿಗೆ ಒಂದೇ ಸಮನೆ ನಡೆಯುವುದು ಬೇಜಾರು. ಓಡುವುದು, ನಿಲ್ಲುವುದು, ಮತ್ತೆ ಓಡುವುದು ಅವರಿಗೆ ಸಹಜ. ಕಬಡ್ಡಿಯ ಒಂದು ರೈಡ್ 30 ಸೆಕೆಂಡು. ಖೋ ಖೋದಲ್ಲೂ ಎದ್ದು ಓಡಿ ಮತ್ತೆ ಕೂರುವುದೇ ಆಟ. ನಮ್ಮ ಶಾಲೆಗಳ ಪಿ.ಟಿ. ಪಿರಿಯಡ್‌ನಲ್ಲಿ ಈ ವ್ಯಾಯಾಮ ಆಗಲೇ ಇದೆ. ಹತ್ತನೇ ಕ್ಲಾಸು ಬಂತೆಂದು ಅದನ್ನು ಗಣಿತಕ್ಕೆ ಕೊಡುವುದು ನನಗೆ ನಿಜಕ್ಕೂ ನೋವಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿನವರಿಗೆ ಸರಾಸರಿ ದಿನಕ್ಕೆ 60 ನಿಮಿಷ ಚಟುವಟಿಕೆ, ವಾರದಲ್ಲಿ ಮೂರು ದಿನವಾದರೂ ಜೋರಿನದು ಇರಲಿ ಎನ್ನುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ಒಂದೇ ಸಲಕ್ಕೆ ನಾಲ್ಕು ನಿಮಿಷದ ಜೋರು ತುಂಬಾ ಆಯಿತು. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, 30 ಸೆಕೆಂಡು ಜೋರು, ಒಂದೂವರೆ ನಿಮಿಷ ನಿಧಾನ ಸಾಕು. ಜೋರಿನ ಹೊತ್ತಿನಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು, ಅದೇ ಅಳತೆ. ಭಾರದ ಮೈಗೆ ಜಿಗಿತ ಮಂಡಿನೋವು ತರಬಹುದು, ಸೈಕಲ್ ಅಥವಾ ಏರು ನಡಿಗೆ ಒಳ್ಳೆಯದು. ಆಸ್ತಮಾ, ಹೃದಯದ ತೊಂದರೆ ಇದ್ದರೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ವ್ಯಾಯಾಮದ ನಡುವೆ ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ.