ಕುದಿಯುವ ನೀರು ಸುರಿದು ತೊಳೆದರೂ ಶುಂಠಿ ಸೋಡಾ ಲೋಳೆಯಾಗುವುದೇಕೆ?

ಪ್ರಶ್ನೆ: ನಮ್ಮದು ಸಿಂಧನೂರು. ಮನೆಯಲ್ಲೇ ಶುಂಠಿ, ಸಕ್ಕರೆಯ ಹೆಪ್ಪು ಹಾಕಿ ಸೋಡಾ ಮಾಡುತ್ತೇವೆ. ಪ್ರತಿ ಸಲ ಬಾಟಲಿಗೆ ಕುದಿಯುವ ನೀರು ಹಾಕಿಯೇ ತೊಳೆಯುತ್ತೇವೆ. ಆದರೂ ಎರಡನೇ ದಿನಕ್ಕೆ ಲೋಳೆ, ಕೆಟ್ಟ ವಾಸನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಒಣಗಿದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಮಂಜು ಕಟ್ಟಿದಂತೆ ಬಿಳಿ ಪೊರೆ ಇದ್ದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ರಾಯಚೂರು, ಕೊಪ್ಪಳ ಭಾಗದ ಎಷ್ಟೋ ಬೋರ್‌ಗಳ ನೀರು ಗಡಸು. ಈ ಒರಟು ಪೊರೆಗೆ ಸಕ್ಕರೆ ಅಂಟು, ಶುಂಠಿ ನಾರು ಹಿಡಿದುಕೊಳ್ಳುತ್ತವೆ, ಸೂಕ್ಷ್ಮಾಣುಗಳು ಅಲ್ಲೇ ಬೀಡುಬಿಡುತ್ತವೆ. ತಣ್ಣನೆಯ ಗಾಜಿಗೆ ಸುರಿದ ನೀರಿನ ಬಿಸಿ ನೋಡುನೋಡುತ್ತಲೇ ಇಳಿಯುತ್ತದೆ, ಅವು ಸಾಯುವುದಿಲ್ಲ. ಕೊಳೆ ತೆಗೆಯುವುದು ಒಂದು ಕೆಲಸ, ಸೂಕ್ಷ್ಮಾಣು ಕೊಲ್ಲುವುದು ಇನ್ನೊಂದು. ಮೊದಲನೆಯದು ಆಗದೆ ಎರಡನೆಯದು ಆಗುವುದಿಲ್ಲ.

1 ಲೀಟರ್ ಬೆಚ್ಚನೆಯ ನೀರಿಗೆ 1 ದೊಡ್ಡ ಚಮಚ ವಾಷಿಂಗ್ ಸೋಡಾ ಕದಡಿ, ಅರ್ಧ ಗಂಟೆ ನೆನೆಸಿ, ಬಾಟಲಿ ಬ್ರಷ್‌ನಿಂದ ಉಜ್ಜಿ. ಕೈಗವಸು ಇರಲಿ. ಅಲ್ಯೂಮಿನಿಯಂ ಪಾತ್ರೆಗೆ ಈ ಸೋಡಾ ಬೇಡ, ಕಪ್ಪಾಗುತ್ತದೆ. ಪ್ಲಾಸ್ಟಿಕ್‌ಗೆ ತಂತಿ ಉಜ್ಜುಗ ತಾಗಿಸಲೇಬೇಡಿ: ಒಂದು ಗೀರು ಬಿದ್ದರೆ ಅದರೊಳಗೆ ಬ್ರಷ್ ಹೋಗುವುದಿಲ್ಲ, ಆ ಬಾಟಲಿ ಬಿಸಾಡುವುದೇ ಮೇಲು. ತೊಳೆದ ಮೇಲೆ 1 ಲೀಟರ್ ನೀರಿಗೆ 2 ಚಿಕ್ಕ ಚಮಚ ಸಿಟ್ರಿಕ್ ಆಸಿಡ್ ಹಾಕಿ ಮತ್ತೆ ಅರ್ಧ ಗಂಟೆ ಬಿಡಿ. ಸುಣ್ಣದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಗಾಜು ತಿಳಿಯಾಗುತ್ತದೆ.

ಹೆಚ್ಚಿನವರು ಮರೆಯುವುದು ಮುಚ್ಚಳ. ಕ್ಲಿಪ್ ಮುಚ್ಚಳವಿದ್ದರೆ ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸಿ ತೆಗೆಯಿರಿ. ಅದರಡಿಯ ಸಂದಿಯಲ್ಲಿ ಹಳದಿ ಲೋಳೆ ಕಂಡರೆ, ನಿಮ್ಮ ಬಾಟಲಿ ಎಷ್ಟೇ ಹೊಳೆಯುತ್ತಿದ್ದರೂ ಸೋಡಾ ಕೆಡುತ್ತಲೇ ಇರುತ್ತದೆ. ಬಿರುಕು ಬಿಟ್ಟ ಉಂಗುರ ಬದಲಿಸಿ.

ಈಗ ಸೂಕ್ಷ್ಮಾಣುಗಳ ಸರದಿ. ಗಾಜಾದರೆ, ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಲ್ಲಿ ಬಾಟಲಿ ಮುಳುಗಿಸಿ ನಿಧಾನ ಕಾಯಿಸಿ, ಕುದಿ ಬಂದ ಮೇಲೆ 10 ನಿಮಿಷ. ನೇರ ಬಿಸಿಗೆ ಇಟ್ಟರೆ ಒಡೆಯುತ್ತದೆ. ಪ್ಲಾಸ್ಟಿಕ್ ಕುದಿಸಿದರೆ ಸೊಟ್ಟಾಗುತ್ತದೆ. ಅದಕ್ಕೆ 5 ಲೀಟರ್ ತಣ್ಣೀರಿಗೆ ಶೇ 4ರ, ಸುವಾಸನೆ ಇಲ್ಲದ ದ್ರವ ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್) 25 ಮಿಲಿ. 10 ನಿಮಿಷ ನೆನೆಸಿ, ಕುದಿಸಿ ಆರಿಸಿದ ನೀರಿನಿಂದ ಎರಡು ಸಲ ಜಾಲಿಸಿ. ನಮ್ಮ ಬೇಸಿಗೆಯಲ್ಲಿ ಬ್ಲೀಚ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ತಯಾರಾದ ದಿನಾಂಕ ನೋಡಿ ಕೊಳ್ಳಿ. ಸಿಟ್ರಿಕ್ ಆಸಿಡ್ ಪೂರ್ತಿ ಹೋಗುವಂತೆ ಮೂರು ಸಲ ತೊಳೆಯದೆ ಬ್ಲೀಚ್ ಮುಟ್ಟಬೇಡಿ. ಎರಡೂ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಆಮೇಲೆ ಒಳಗೆ ಬಟ್ಟೆಯಿಂದ ಒರೆಸಬೇಡಿ, ಕೂಡಲೇ ತುಂಬಿ.

ಇಷ್ಟಾದರೂ ಲೋಳೆ ಬಂದರೆ ಹೆಪ್ಪನ್ನೇ ಚಮಚದಿಂದ ಎತ್ತಿ ನೋಡಿ. ಬೆಂಡೆಕಾಯಿಯಂತೆ ಎಳೆ ಎಳೆಯಾಗಿ ಇಳಿದರೆ ಸಕ್ಕರೆಯನ್ನು ಲೋಳೆ ಮಾಡುವ ಬ್ಯಾಕ್ಟೀರಿಯಾ ಅದರಲ್ಲೇ ಬೆಳೆದಿವೆ. ಅದನ್ನು ಚೆಲ್ಲಿ, ಜಾಡಿಯನ್ನೂ ಹೀಗೇ ತೊಳೆದು, ಹೊಸ ಶುಂಠಿಯಿಂದ ಶುರು ಮಾಡಿ. ಹಳೆಯದರ ಒಂದು ಚಮಚವನ್ನೂ ಬೆರೆಸಬೇಡಿ.